ಕೂಪನ್ ದುಡ್ಡು ಅಂಗಡಿಯವನಿಗೆ ಯಾರು ಕೊಡ್ತಾರೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಕಥೆ ಶುರುವಾಗೋದು ಅಮೆರಿಕದ ನ್ಯೂಜೆರ್ಸಿಯ ಒಂದು ಸೂಪರ್‌ಮಾರ್ಕೆಟ್‌ನ ಬಿಲ್ ಕೌಂಟರಿನಲ್ಲಿ.

ನಮ್ಮ ದೊಡ್ಡಮ್ಮ ಹೋದ ವರ್ಷ ಮಗಳ ಮನೆಗೆ ಅಂತ ಆರು ತಿಂಗಳು ಅಲ್ಲಿಗೆ ಹೋಗಿದ್ದರು. ಅರಸೀಕೆರೆ ಹತ್ತಿರ ಇಪ್ಪತ್ತೈದು ವರ್ಷ ಚಿಲ್ಲರೆ ಅಂಗಡಿ ನಡೆಸಿದವರು ಅವರು. ಮಗಳು, ಅಂದ್ರೆ ನನ್ನ ಅಕ್ಕ, ಅಲ್ಲಿ ದಿನಸಿ ತರೋಕೆ ಹೋಗುವಾಗ ಒಂದು ಕವರಿನಲ್ಲಿ ಕೂಪನ್‌ಗಳನ್ನ ಜೋಡಿಸಿಕೊಂಡು ಹೋಗ್ತಾಳೆ. ಅವತ್ತು ಶ್ಯಾಂಪೂ ಮೇಲೆ ಒಂದು ಡಾಲರ್ ಕಡಿತದ ಕೂಪನ್ ಕೊಟ್ಟಿದ್ದಾಳೆ. ಕೌಂಟರಿನ ಹುಡುಗಿ ಸ್ಕ್ಯಾನ್ ಮಾಡಿ, ಆಗಲ್ಲ ಅಂತ ವಾಪಸ್ ಕೊಟ್ಟಳಂತೆ. ಕೂಪನ್ ಇದ್ದದ್ದು ದೊಡ್ಡ ಬಾಟಲಿಗೆ, ಅಕ್ಕ ತಗೊಂಡಿದ್ದು ಚಿಕ್ಕದು. ಅಕ್ಕನಿಗೆ ಸಿಟ್ಟು ಬಂತು. ದೊಡ್ಡಮ್ಮ ಮಾತ್ರ ಬೇರೆಯದೇ ಕೇಳಿದರು.

"ಅಲ್ಲ ಕಣೇ, ಆ ಹುಡುಗಿ ತಗೊಂಡ್ಳು ಅಂತಲೇ ಇಟ್ಕೋ. ಆ ಒಂದು ಡಾಲರನ್ನ ಅಂಗಡಿಯವನಿಗೆ ಯಾರು ಕೊಡ್ತಾರೆ?"

ಅಕ್ಕನಿಗೆ ಗೊತ್ತಿರಲಿಲ್ಲ. ರಾತ್ರಿ ಫೋನ್ ಮಾಡಿ ನನ್ನ ಕೇಳಿದಳು, "ನೀನು ಬಿ.ಕಾಂ ಓದಿದ್ದೀಯಲ್ಲ, ಹೇಳು" ಅಂತ. ನನಗೂ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ. ಆ ಒಂದು ಪ್ರಶ್ನೆಯ ಹಿಂದೆ ನೂರಮೂವತ್ತಕ್ಕೂ ಹೆಚ್ಚು ವರ್ಷದ ಇತಿಹಾಸ ಇದೆ. ದೊಡ್ಡಮ್ಮನಿಗೆ ಆ ಪ್ರಶ್ನೆ ಯಾಕೆ ಹೊಳೀತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮೊದಲ ಗ್ಲಾಸ್ ಪುಕ್ಕಟೆ

1880ರ ದಶಕದ ಕೊನೆ. ಅಟ್ಲಾಂಟಾ ನಗರ. ಅಲ್ಲಿ ಔಷಧಿ ಅಂಗಡಿಗಳಲ್ಲೇ ಸೋಡಾ ಮಾರೋ ಕಾಲ. ಕೋಕಾ-ಕೋಲಾ ಅನ್ನೋ ಹೊಸ ಪಾನೀಯ ಬಂದಿದೆ, ಗ್ಲಾಸಿಗೆ 5 ಸೆಂಟ್, ಆದ್ರೆ ಯಾರಿಗೂ ರುಚಿ ಗೊತ್ತಿಲ್ಲ. ಆ ಕಂಪನಿಯನ್ನ ಬೆಳೆಸಿದ ಏಸಾ ಕ್ಯಾಂಡ್ಲರ್ ಅವರ ಕಾಲದಲ್ಲಿ ಒಂದು ಚೀಟಿ ಹಂಚೋಕೆ ಶುರುವಾಯ್ತು. ಈ ಚೀಟಿ ತೋರಿಸಿದರೆ ಒಂದು ಗ್ಲಾಸ್ ಉಚಿತ. ಅಂಚೆಯಲ್ಲಿ ಹೋಯ್ತು, ಪತ್ರಿಕೆಗಳಲ್ಲಿ ಬಂತು. 1894ರಿಂದ 1913ರ ನಡುವೆ ಹೀಗೆ ಕೊಟ್ಟದ್ದು ಸುಮಾರು 85 ಲಕ್ಷ ಗ್ಲಾಸ್ ಅಂತ ಲೆಕ್ಕ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪಾನೀಯ ಸುರಿದು ಕೊಡೋನು ಅಂಗಡಿಯವನು, ಮಾತು ಕೊಟ್ಟವರು ಕಂಪನಿಯವರು. ಹಾಗಾಗಿ ಖರ್ಚನ್ನ ಕಂಪನಿಯೇ ಹೊರಬೇಕು. ಕೊಳ್ಳುವವರು, ಮಾರುವವರು, ತಯಾರಿಸುವವರು ಅಂತ ಮೂರು ಕಡೆಯವರ ನಡುವಿನ ಒಪ್ಪಂದ ಅದು. ಕೂಪನ್ ಅಂದ್ರೆ ಅಷ್ಟೇ, ಒಂದು ಸಣ್ಣ ಕಾಗದದ ಮೇಲಿರೋ ಮೂರು ಜನರ ಕರಾರು.

1890ರ ದಶಕದಲ್ಲೇ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಸಿ. ಡಬ್ಲ್ಯೂ. ಪೋಸ್ಟ್ ಅನ್ನೋರು ಗ್ರೇಪ್-ನಟ್ಸ್ ಅನ್ನೋ ತಿಂಡಿ ಮಾರುಕಟ್ಟೆಗೆ ತಂದರು. ಹೆಸರಲ್ಲಿ ದ್ರಾಕ್ಷಿಯೂ ಇದೆ, ಬೀಜವೂ ಇದೆ. ಒಳಗೆ ಎರಡೂ ಇಲ್ಲ, ಗೋಧಿ ಮತ್ತೆ ಬಾರ್ಲಿ. ಅದಕ್ಕೆ ಅವರು ಕೊಟ್ಟದ್ದು 1 ಸೆಂಟ್ ಕಡಿತದ ಕೂಪನ್. ಪುಕ್ಕಟೆ ಕೊಡೋದರಿಂದ ಬೆಲೆ ಕಡಿಮೆ ಮಾಡೋದಕ್ಕೆ ಬಂದ್ವಿ. ಇವತ್ತಿನ ದಿನಸಿ ಕೂಪನ್ನಿನ ಮುತ್ತಾತ ಇದೇ.

ಒಂದು ಸೆಂಟಿನ ನೂರನೇ ಒಂದು ಭಾಗ

ಅದೇ ಕಾಲದಲ್ಲಿ ಇನ್ನೊಂದು ವ್ಯಾಪಾರ ಬೆಳೀತು. 1896ರಲ್ಲಿ ಶುರುವಾದ ಸ್ಪೆರಿ ಅಂಡ್ ಹಚಿನ್ಸನ್ ಅನ್ನೋ ಕಂಪನಿ ಅಂಗಡಿಗಳಿಗೆ ಹಸಿರು ಬಣ್ಣದ ಸ್ಟ್ಯಾಂಪ್ ಮಾರ್ತಿತ್ತು. ಅಂಗಡಿಯವರು ಗಿರಾಕಿ ಮಾಡಿದ ಖರ್ಚಿನ ಲೆಕ್ಕಕ್ಕೆ ಸ್ಟ್ಯಾಂಪ್ ಕೊಡೋರು. ಗಿರಾಕಿ ಅದನ್ನ ಎಂಜಲು ಹಚ್ಚಿ ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಪಾತ್ರೆನೋ ಇಸ್ತ್ರಿಪೆಟ್ಟಿಗೆನೋ ತಗೊಳ್ಳೋರು. ಅಮೆರಿಕದ ಹಳೇ ತಲೆಮಾರಿಗೆ ಗ್ರೀನ್ ಸ್ಟ್ಯಾಂಪ್ಸ್ ಅಂದ್ರೆ ಅಮ್ಮನ ಅಡುಗೆಮನೆ ಡ್ರಾಯರಿನ ನೆನಪು.

ಗಲಾಟೆಯೂ ಜೊತೆಗೇ ಬಂತು. ಸ್ಟ್ಯಾಂಪಿಗೆ ಬೆಲೆ ಎಷ್ಟು? ಸ್ಟ್ಯಾಂಪ್ ಕಂಪನಿ ಬಾಗಿಲು ಹಾಕಿದರೆ ಪುಸ್ತಕದಲ್ಲಿ ಅಂಟಿಸಿದ್ದರ ಗತಿ ಏನು? 1904ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡ್ತು. ಸ್ಟ್ಯಾಂಪಿನ ಮೇಲೆ ನಗದು ಬೆಲೆ ಇರಬೇಕು, ಕೇಳಿದರೆ ನಗದು ಕೊಡಬೇಕು ಅಂತ. ಬೇರೆ ರಾಜ್ಯಗಳೂ ಇಂಥ ಕಾನೂನು ತಂದವು. ಕಂಪನಿಗಳು ಕಾನೂನು ಪಾಲಿಸಿದವು, ಆದ್ರೆ ಬೆಲೆ ಎಷ್ಟು ಅಂತ ಹಾಕಿದವು ಗೊತ್ತಾ? ಸೆಂಟಿನ ಸಣ್ಣದೊಂದು ಚೂರು.

ಇವತ್ತಿಗೂ ಅಮೆರಿಕದ ಕೂಪನ್ ತಿರುಗಿಸಿ ನೋಡಿದರೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ನಗದು ಮೌಲ್ಯ 1/100 ಸೆಂಟ್" ಅಂತ ಇರುತ್ತೆ. ಒಂದು ಡಾಲರ್ ನಗದು ಬೇಕಂದ್ರೆ 10,000 ಕೂಪನ್ ಕೊಡಬೇಕು. ಅಕ್ಕ ಇಷ್ಟು ದಿನ ಅದನ್ನ ಪ್ರಿಂಟಿಂಗ್ ತಪ್ಪು ಅಂದ್ಕೊಂಡಿದ್ದಳು. ನಿಜ ನೋಡಿದರೆ ಅದು ಸ್ಟ್ಯಾಂಪ್ ಕಾಲದ ಜಗಳದ ಗುರುತು. ಇಂಡಿಯಾನಾ, ಯೂಟಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳ ಕಾನೂನಿಗಾಗಿ ಆ ಸಾಲು ಇನ್ನೂ ಉಳ್ಕೊಂಡಿದೆ.

ದುಡ್ಡು ತಿರುಗುವ ದಾರಿ

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. ಅಂಗಡಿಯವನು ಒಂದು ಡಾಲರ್ ಕಡಿಮೆ ತಗೊಂಡ. ಅವನ ಕೈಯಲ್ಲಿ ಉಳಿದದ್ದು ಒಂದು ಚೀಟಿ. ಅದನ್ನ ದುಡ್ಡು ಮಾಡ್ಕೊಳ್ಳೋದು ಹೇಗೆ?

ಮೊದಮೊದಲು ಅಂಗಡಿಯವನೇ ಕೂತು ಯಾವ ಕಂಪನಿಯದು ಎಷ್ಟು ಅಂತ ವಿಂಗಡಿಸಿ, ಆಯಾ ಕಂಪನಿಗೆ ಕಳಿಸಬೇಕಿತ್ತು. ಸೂಪರ್‌ಮಾರ್ಕೆಟ್‌ಗಳು ಬೆಳೆದ ಮೇಲೆ ಇದು ದೊಡ್ಡ ತಲೆನೋವಾಯ್ತು. 1957ರಲ್ಲಿ ಮಾರುಕಟ್ಟೆ ಸಮೀಕ್ಷೆಗೆ ಹೆಸರಾದ ನೀಲ್ಸನ್ ಕಂಪನಿ ಇದಕ್ಕಂತಲೇ ಒಂದು ಕ್ಲಿಯರಿಂಗ್ ಹೌಸ್ ತೆರೀತು. ಬ್ಯಾಂಕಿನ ಚೆಕ್ ಕ್ಲಿಯರಿಂಗ್ ಗೊತ್ತಲ್ಲ, ಅದೇ ಥರ. ಅಂಗಡಿಗಳು ಕೂಪನ್‌ಗಳನ್ನ ಚೀಲಕ್ಕೆ ತುಂಬಿ ಒಂದೇ ವಿಳಾಸಕ್ಕೆ ಕಳಿಸೋದು, ಅಲ್ಲಿ ವಿಂಗಡಿಸಿ ಎಣಿಸಿ ಕಂಪನಿಗಳಿಗೆ ಬಿಲ್ ಹಾಕೋದು. ಮುಂದೆ ಈ ವಿಂಗಡಣೆ ಕೆಲಸದ ದೊಡ್ಡ ಪಾಲು ಕೂಲಿ ಕಡಿಮೆ ಅಂತ ಮೆಕ್ಸಿಕೋ ಗಡಿಯ ಊರುಗಳಿಗೆ ಹೋಯ್ತು. ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಕತ್ತರಿಸಿದ ಚೀಟಿಯನ್ನ ಸಾವಿರಾರು ಕಿಲೋಮೀಟರ್ ದೂರದ ಮೇಜಿನ ಮೇಲೆ ಯಾವುದೋ ಹೆಣ್ಣುಮಗಳು ಕೈಯಲ್ಲಿ ವಿಂಗಡಿಸ್ತಾಳೆ.

ಕಂಪನಿ ಅಂಗಡಿಗೆ ಕೊಡೋದು ಕೂಪನ್ನಿನ ಮೊತ್ತ, ಜೊತೆಗೆ ಶ್ರಮಕ್ಕೆ ಅಂತ ಸಾಮಾನ್ಯವಾಗಿ 8 ಸೆಂಟ್. ಆದ್ರೆ ಷರತ್ತು ಇದೆ. ಅವಧಿ ಮುಗಿದಿದ್ದರೆ, ನಕಲು ಆಗಿದ್ದರೆ, ಆ ಸಾಮಾನು ಮಾರಿದ್ದಕ್ಕೆ ಲೆಕ್ಕ ತಾಳೆ ಆಗದಿದ್ದರೆ ಕಂಪನಿ ದುಡ್ಡು ಕೊಡದೇ ಇರಬಹುದು. ಆಗ ಆ ಡಾಲರ್ ಅಂಗಡಿಯವನ ಜೇಬಿಂದ ಹೋದ ಹಾಗೆ.

ಇದಕ್ಕೆ ನನ್ನ ಬಿ.ಕಾಂ ಬುದ್ಧಿಗೆ ಖುಷಿಯಾದ ಒಂದು ಸಾಕ್ಷಿ ಬಿಲ್ಲಿನಲ್ಲೇ ಇದೆ. ತೆರಿಗೆ ಇರೋ ಸಾಮಾನಿಗೆ ತಯಾರಕ ಕಂಪನಿಯ ಕೂಪನ್ ಕೊಟ್ಟರೆ, ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರಾಟ ತೆರಿಗೆ ಪೂರ್ತಿ ಬೆಲೆ ಮೇಲೆ ಬೀಳುತ್ತೆ. ಅಂಗಡಿಯದ್ದೇ ಸ್ವಂತ ಕೂಪನ್ ಆದ್ರೆ ಕಡಿತ ಮಾಡಿದ ಬೆಲೆ ಮೇಲೆ. ಯಾಕಂದ್ರೆ ಮೊದಲನೆಯದರಲ್ಲಿ ಅಂಗಡಿಗೆ ಪೂರ್ತಿ ಬೆಲೆ ಬಂದೇ ಬರುತ್ತೆ, ಸ್ವಲ್ಪ ನಿಮ್ಮಿಂದ, ಸ್ವಲ್ಪ ಕಂಪನಿಯಿಂದ. ಎರಡನೆಯದರಲ್ಲಿ ಅಂಗಡಿಯೇ ಬೆಲೆ ಇಳಿಸಿದೆ.

ಇಲ್ಲದ ಸೋಪಿನ ಪುಡಿ

ಚೀಟಿ ಕೊಟ್ಟರೆ ದುಡ್ಡು ಬರುತ್ತೆ ಅಂದ ಮೇಲೆ, ಸಾಮಾನು ಮಾರದೇ ಬರೀ ಚೀಟಿ ಕಳಿಸಿದರೆ? ಹಾಗೂ ಮಾಡಿದರು. ಪತ್ರಿಕೆಗಳನ್ನ ರಾಶಿಗಟ್ಟಲೆ ತಂದು, ಕೂಪನ್ ಕತ್ತರಿಸಿ, ಅಂಗಡಿ ಹೆಸರಲ್ಲಿ ಕಳಿಸೋ ಗುಂಪುಗಳು ಹುಟ್ಟಿಕೊಂಡವು. ಹೊಚ್ಚ ಹೊಸದಾಗಿ ಕಂಡರೆ ಅನುಮಾನ ಬರುತ್ತೆ ಅಂತ ಕೂಪನ್‌ಗಳನ್ನ ಸಿಮೆಂಟ್ ಮಿಕ್ಸರಿಗೆ ಹಾಕಿ ತಿರುಗಿಸಿ, ಜೇಬಲ್ಲಿ ಮುದುರಿದ ಹಾಗೆ ಮಾಡಿದವರೂ ಇದ್ದರು.

1977ರ ಡಿಸೆಂಬರಿನಲ್ಲಿ ಅಂಚೆ ಇಲಾಖೆಯ ತನಿಖಾಧಿಕಾರಿಗಳು ಒಂದು ಬಲೆ ಬೀಸಿದರು. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ಪತ್ರಿಕೆಗಳಲ್ಲಿ "ಬ್ರೀನ್" ಅನ್ನೋ ಬಟ್ಟೆ ಸೋಪಿನ ಪುಡಿಯ ಜಾಹೀರಾತು ಬಂತು. ಜೊತೆಗೆ 25 ಸೆಂಟಿನ ಕೂಪನ್. ಆ ಸೋಪಿನ ಪುಡಿ ಪ್ರಪಂಚದಲ್ಲೇ ಇರಲಿಲ್ಲ. ಯಾವ ಕಾರ್ಖಾನೆಯೂ ಮಾಡಿಲ್ಲ, ಯಾವ ಅಂಗಡಿಯಲ್ಲೂ ಇಟ್ಟಿಲ್ಲ. ಆದ್ರೂ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು "ನಾವು ಬ್ರೀನ್ ಮಾರಿದ್ದೀವಿ, ದುಡ್ಡು ಕೊಡಿ" ಅಂತ ಹತ್ತಾರು ಸಾವಿರ ಕೂಪನ್ ಕಳಿಸಿದವು!

ಇಲ್ಲಿಂದ ಮುಂದೆ ಕಂಪನಿಗಳು ಅಂಗಡಿಗಳನ್ನ ಸುಮ್ಮನೆ ನಂಬಲಿಲ್ಲ. ಎಷ್ಟು ಸರಕು ತಗೊಂಡಿದ್ದೀರಿ, ಎಷ್ಟು ಕೂಪನ್ ಕಳಿಸಿದ್ದೀರಿ, ರಸೀದಿ ತೋರಿಸಿ ಅಂತ ಕೇಳೋದು ಗಟ್ಟಿಯಾಯ್ತು. ಅಂಗಡಿಗಳೂ ಗಿರಾಕಿಯನ್ನ ಸುಮ್ಮನೆ ನಂಬಲಿಲ್ಲ. ಇವತ್ತು ಬಿಲ್ ಕೌಂಟರಿನಲ್ಲಿ ನಮಗೆ ಕಿರಿಕಿರಿ ಅನ್ನಿಸೋ ಒಂದೊಂದು ನಿಯಮದ ಹಿಂದೆಯೂ ಹೀಗೆ ಯಾರೋ ದುಡ್ಡು ಕಳ್ಕೊಂಡ ಕಥೆ ಇರುತ್ತೆ.

ಬಾರ್‌ಕೋಡ್ ಬಂದ ಮೇಲೆ

1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಅನ್ನೋ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕನ್ನ ಮೊದಲ ಸಲ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಮಾರಿದರು. ಬೆಲೆ 67 ಸೆಂಟ್. ಮುಂದೆ ಕೂಪನ್ನಿಗೂ ಬಾರ್‌ಕೋಡ್ ಬಂತು. ಆದ್ರೆ ಹಳೆಯ ಕೂಪನ್ ಬಾರ್‌ಕೋಡಿನಲ್ಲಿ ಜಾಗ ಕಮ್ಮಿ. ಯಾವ ಕಂಪನಿ, ಯಾವ ಬಗೆಯ ಸಾಮಾನು, ಎಷ್ಟು ಕಡಿತ, ಅಷ್ಟೇ ಹಿಡಿಯೋದು. ಹಾಗಾಗಿ ದುಬಾರಿ ಸಾಮಾನಿನ ಕೂಪನ್ ಅದೇ ಕಂಪನಿಯ ಅಗ್ಗದ ಸಾಮಾನಿಗೂ ಯಂತ್ರದಲ್ಲಿ ಪಾಸಾಗ್ತಿತ್ತು. ಕಾಗದದ ಮೇಲಿನ ಅಕ್ಷರ ಓದದೇ ಬರೀ ಅಂಕಿ ಹೊಂದಿಸಿ ಲಾಭ ಮಾಡ್ಕೊಂಡೋರು ಬಹಳ ಜನ. 2011ರ ಹೊತ್ತಿಗೆ ಹೆಚ್ಚು ವಿವರ ಹಿಡಿಯೋ ಹೊಸ ಬಾರ್‌ಕೋಡ್ ಬಂದು ಆ ಕಿಂಡಿ ಮುಚ್ಚಿತು. ಅಕ್ಕನ ಚಿಕ್ಕ ಬಾಟಲಿ ಸಿಕ್ಕಿಬಿದ್ದದ್ದು ಇದರಿಂದಲೇ ಇರಬೇಕು.

ಅದೇ ಹೊತ್ತಿಗೆ ಟಿಎಲ್‌ಸಿ ವಾಹಿನಿಯಲ್ಲಿ "ಎಕ್ಸ್‌ಟ್ರೀಮ್ ಕೂಪನಿಂಗ್" ಅನ್ನೋ ಕಾರ್ಯಕ್ರಮ ಬರ್ತಿತ್ತು. ಗಾಡಿಗಟ್ಟಲೆ ಸಾಮಾನು, ಬಿಲ್ ಮಾತ್ರ ಕೆಲವೇ ಡಾಲರ್. ಅದನ್ನ ನೋಡಿ ಜನ ಅಂಗಡಿಗಳಿಗೆ ನುಗ್ಗಿದರು, ಅಂಗಡಿಗಳು ಮಿತಿ ಹಾಕಿದವು. 2012ರಲ್ಲಿ ಫೀನಿಕ್ಸ್ ನಗರದಲ್ಲಿ ಪೊಲೀಸರು ಹಿಡಿದ ನಕಲಿ ಕೂಪನ್ ಜಾಲದ ಮೊತ್ತ 4 ಕೋಟಿ ಡಾಲರ್ ಅಂತ ವರದಿಯಾಯ್ತು.

ಹಾಗಾದ್ರೆ ಅಂಗಡಿಯ ನಿಯಮ ಓದೋದು ಹೇಗೆ?

ಅಲ್ಲಿರೋ ನಮ್ಮ ಕೇಳುಗರಿಗೆ, ಅಲ್ಲಿಗೆ ಹೊಸದಾಗಿ ಹೋಗೋರಿಗೆ, ಈ ಇತಿಹಾಸದಿಂದ ಕೆಲಸಕ್ಕೆ ಬರೋ ಮಾತು ಇವು.

ಒಂದು, ಮೊದಲು ಚೀಟಿ ಯಾರದ್ದು ನೋಡಿ. ತಯಾರಕ ಕಂಪನಿಯ ಕೂಪನ್ ಅಂತ ಇದ್ದರೆ ದುಡ್ಡು ಕಂಪನಿಯದು. ಅದರ ಅಳತೆ, ಅವಧಿ, ಎಣಿಕೆಯ ವಿಷಯದಲ್ಲಿ ಕೌಂಟರಿನ ಹುಡುಗಿ ಹತ್ತಿರ ವಾದ ಮಾಡಿ ಪ್ರಯೋಜನ ಕಮ್ಮಿ. ಅಂಗಡಿಯದ್ದೇ ಕೂಪನ್ ಆದ್ರೆ ತೀರ್ಮಾನ ಅಂಗಡಿಯದು. ಮ್ಯಾನೇಜರನ್ನ ಕೇಳಿ ನೋಡಬಹುದು.

ಎರಡು, ಒಂದೇ ಸಾಮಾನಿಗೆ ಎರಡು ಕಂಪನಿ ಕೂಪನ್ ಸಾಮಾನ್ಯವಾಗಿ ನಡೆಯಲ್ಲ. ಒಂದು ಕಂಪನಿಯದು, ಒಂದು ಅಂಗಡಿಯದು ಸೇರಿಸಿ ಕೊಡೋಕೆ ಬಹಳ ಕಡೆ ಬಿಡ್ತಾರೆ. ದುಡ್ಡು ಕೊಡೋರು ಬೇರೆ ಬೇರೆ ಅಲ್ವಾ?

ಮೂರು, ಕೆಲವು ಅಂಗಡಿಗಳು ಕೂಪನ್ ಮೊತ್ತವನ್ನ ಎರಡರಷ್ಟು ಮಾಡಿ ಕೊಡ್ತವೆ. ಆ ಎರಡನೇ ಪಾಲು ಅಂಗಡಿಯವರ ಸ್ವಂತ ದುಡ್ಡು. ಇಷ್ಟು ಸೆಂಟಿನವರೆಗೆ ಮಾತ್ರ, ವಾರದಲ್ಲಿ ಇಂಥ ದಿನ ಮಾತ್ರ ಅಂತ ಮಿತಿ ಇರೋದು ಅದಕ್ಕೇ.

ನಾಲ್ಕು, ಇದು ಗಿರಾಕಿ ಪರವಾಗಿರೋ ನಿಯಮ. ಜಾಹೀರಾತು ಕೊಟ್ಟು, ಹೋಗಿ ಕೇಳಿದರೆ ಸ್ಟಾಕ್ ಇಲ್ಲ ಅನ್ನೋ ಚಾಳಿ ದಿನಸಿ ಅಂಗಡಿಗಳಲ್ಲಿ ಹೆಚ್ಚಾದಾಗ, 1971ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅದರ ವಿರುದ್ಧ ನಿಯಮ ಮಾಡ್ತು. 1989ರಲ್ಲಿ ತಿದ್ದುಪಡಿಯಾಗಿ, ಸ್ಟಾಕ್ ಇಲ್ಲದಿದ್ದರೆ "ರೇನ್ ಚೆಕ್" ಕೊಟ್ಟರೂ ಸರಿ ಅಂತಾಯ್ತು. ಮಳೆ ಬಂದು ಬೇಸ್‌ಬಾಲ್ ಆಟ ನಿಂತರೆ ಇನ್ನೊಂದು ದಿನದ ಆಟಕ್ಕೆ ಕೊಡ್ತಿದ್ದ ಚೀಟಿಯಿಂದ ಬಂದ ಹೆಸರು ಅದು. ಸಾಮಾನು ಬಂದ ಮೇಲೆ ಅದೇ ಹಳೇ ಬೆಲೆಗೆ ಕೊಡ್ತೀವಿ ಅನ್ನೋ ಬರಹ. ಎಷ್ಟೋ ಜನ ಕೇಳೋದೇ ಇಲ್ಲ. ಕೇಳಿ.

ಐದು, ಅಂಗಡಿಯ ಕೂಪನ್ ನಿಯಮ ಅವರ ವೆಬ್‌ಸೈಟಿನಲ್ಲಿ ಇರುತ್ತೆ. ಒಂದು ಪ್ರತಿ ಫೋನಿನಲ್ಲಿ ಇಟ್ಕೊಳ್ಳಿ. ಕೌಂಟರಿನಲ್ಲಿ ಜೋರು ದನಿಗಿಂತ ಅವರದ್ದೇ ನಿಯಮ ತೋರಿಸೋದು ಹೆಚ್ಚು ಕೆಲಸ ಮಾಡುತ್ತೆ.

ನಮ್ಮ ಕಡೆ ಹೇಗೆ?

ನಮ್ಮಲ್ಲಿ ಪತ್ರಿಕೆಯಿಂದ ಕೂಪನ್ ಕತ್ತರಿಸೋ ಅಭ್ಯಾಸ ಆ ಮಟ್ಟಕ್ಕೆ ಬೆಳೆಯಲಿಲ್ಲ. 1990ರಿಂದ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಅಂದ್ರೆ ಎಂಆರ್‌ಪಿ, ಹಾಕೋದು ಕಡ್ಡಾಯ ಆಯ್ತು. ನಮ್ಮ ಆಫರುಗಳೂ ಪೊಟ್ಟಣದ ಮೇಲೇ ಬಂದವು. ಶೇಕಡಾ 20 ಹೆಚ್ಚು, ಒಂದಕ್ಕೆ ಒಂದು ಉಚಿತ, ಕವರ್ ಕೂಡಿಟ್ಟರೆ ಬಹುಮಾನ. 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ಕವರಿನಲ್ಲಿ ರನ್ ಕೂಡಿಸಿದ್ದು ನನಗಿಂತ ದೊಡ್ಡವರಿಗೆ ನೆನಪಿರುತ್ತೆ.

ಈಗ ನಾವೂ ಫೋನಿನಲ್ಲಿ ಕೂಪನ್ ಕೋಡ್ ಹಾಕ್ತೀವಿ. ಪ್ರಶ್ನೆ ಅದೇ, ದುಡ್ಡು ಯಾರದ್ದು? ಬ್ಯಾಂಕಿಂದೋ, ಬ್ರ್ಯಾಂಡಿಂದೋ, ಆ್ಯಪ್‌ನವರದೋ? ಕನಿಷ್ಠ ಮೊತ್ತ, ಇಂಥ ಕಾರ್ಡಿಗೆ ಮಾತ್ರ ಅನ್ನೋ ಷರತ್ತುಗಳು ಅಲ್ಲಿಂದ ಬರ್ತವೆ. ನಮ್ಮ ಪರ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಕೊಡೋ ಉದ್ದೇಶವೇ ಇಲ್ಲದೆ ಉಡುಗೊರೆ ಘೋಷಿಸೋದು, ಬೆಲೆಯೊಳಗೇ ಸೇರಿಸಿ "ಉಚಿತ" ಅನ್ನೋದು ಅನುಚಿತ ವ್ಯಾಪಾರ ಪದ್ಧತಿ. ದೋಷ ಇರೋ ಸರಕನ್ನ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲ್ಲ ಅನ್ನೋದೂ ಅಷ್ಟೇ. "ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ" ಅಂತ ಗೋಡೆ ಮೇಲೆ ಬರೆದಿದ್ದರೆ ಅದೇ ಕೊನೇ ಮಾತಲ್ಲ. ಬಿಲ್ ಇಟ್ಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

ಅಟ್ಟದ ಮೇಲಿನ ಚೀಲ

ಕೊನೆಗೆ ದೊಡ್ಡಮ್ಮನ ಕಥೆ. ತೊಂಬತ್ತರ ದಶಕದಲ್ಲಿ ಒಂದು ಸ್ನಾನದ ಸೋಪಿನ ಕಂಪನಿ ಸ್ಕೀಮ್ ಬಿಟ್ಟಿತ್ತು. ಹತ್ತು ಕವರ್ ತಂದರೆ ಒಂದು ಸೋಪು ಉಚಿತ. ಏಜೆನ್ಸಿಯ ಹುಡುಗ ಬಂದು, "ಅಮ್ಮ, ನಿಮ್ಮ ಸ್ಟಾಕಿಂದ ಕೊಡ್ತಾ ಇರಿ, ಕವರ್ ಎತ್ತಿಡಿ, ನಾನು ಸೋಪು ತಂದು ತುಂಬಿಸ್ತೀನಿ" ಅಂದ. ಬಾಯಿಮಾತು. ದೊಡ್ಡಮ್ಮ ಕೊಡ್ತಾ ಹೋದರು. ಅಷ್ಟರಲ್ಲಿ ಏಜೆನ್ಸಿ ಬೇರೆಯವರ ಕೈಗೆ ಹೋಯ್ತು. ಹೊಸಬರು "ಅದು ನಮಗೆ ಸಂಬಂಧ ಇಲ್ಲ" ಅಂದುಬಿಟ್ಟರು. ಅಷ್ಟರಲ್ಲಿ ಕೊಟ್ಟದ್ದು ಅರವತ್ತಮೂರು ಸೋಪು. ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ ಸಂಖ್ಯೆ ಇವತ್ತಿಗೂ ಅವರಿಗೆ ಬಾಯಿಪಾಠ. ಕವರುಗಳ ಚೀಲ ವರ್ಷಗಟ್ಟಲೆ ಅಟ್ಟದ ಮೇಲೆ ಇತ್ತು. ನಾನು ಚಿಕ್ಕವನಿದ್ದಾಗ ಆ ಕೋಣೆಗೆ ಹೋದ್ರೆ ಸೋಪಿನ ವಾಸನೆ ಬರ್ತಿತ್ತು. ಯಾಕೆ ಅಂತ ನನಗೆ ಗೊತ್ತಾಗಿದ್ದು ಈಗ.

"ಮೊದಲೇ ಕೊಡೋದು ನಿಲ್ಲಿಸಬಹುದಿತ್ತಲ್ಲ ದೊಡ್ಡಮ್ಮ?" ಅಂತ ಕೇಳಿದೆ.

"ಊರಿನ ಜನ ಕಣೋ. ಕವರ್ ಕೂಡಿಟ್ಟು ಆಸೆಯಿಂದ ತಂದಿರ್ತಾರೆ. ಇಲ್ಲ ಅಂದು ನಾಳೆ ಮುಖ ಹೆಂಗೆ ನೋಡೋದು?"

ಈ ಸಂಚಿಕೆಗೆ ಓದಿದ್ದನ್ನೆಲ್ಲ ಅವರಿಗೆ ಫೋನಿನಲ್ಲಿ ಹೇಳಿದೆ. ಕ್ಲಿಯರಿಂಗ್ ಹೌಸು, 8 ಸೆಂಟು, ಬ್ರೀನ್ ಪುಡಿ, ಎಲ್ಲ. ಸುಮ್ಮನೆ ಕೇಳಿಸಿಕೊಂಡು ಕಡೆಗೆ ಅಂದರು, "ಹಂಗಾದ್ರೆ ಆ ಹುಡುಗಿ ಸರಿಯಾಗೇ ಮಾಡಿದ್ಲು ಬಿಡು. ನಿನ್ನ ಅಕ್ಕನಿಗೆ ಹೇಳು. ನನಗೂ ಯಾರಾದ್ರೂ ಹಂಗೆ ಬರೆದು ಕೊಟ್ಟಿದ್ರೆ ಅರವತ್ತಮೂರು ಸೋಪು ಉಳೀತಿತ್ತು."

ನಿಮ್ಮ ಮನೆಯಲ್ಲೂ ಅಂಗಡಿ ನಡೆಸಿದವರು ಇದ್ದರೆ, ಹೀಗೆ ಬರಬೇಕಾದ ಸ್ಕೀಮಿನ ದುಡ್ಡು ಬಂತಾ ಅಂತ ಒಮ್ಮೆ ಕೇಳಿ. ಅವರು ಹೇಳಿದ್ದನ್ನ ನನಗೂ ಬರೆದು ಕಳಿಸಿ.